ಅವರಿಗೆ ಹಾಕಿ, ನನಗೆ ಬೇಡ

ಕಳೆದ ಶನಿವಾರ ಬೆಳಿಗ್ಗೆ ದುರ್ಗಿಗುಡಿಯ ಹೋಟೆಲೊಂದರಲ್ಲಿ ಅಮ್ಮ ನನಗೊಂದು ಕೇಸರಿಬಾತ್ ತರಿಸಿದಳು.

ನಾನು ಕೇಳಿರಲಿಲ್ಲ.

"ಇವಳಿಗೊಂದು ಕೇಸರಿಬಾತ್ ಕೊಡಪ್ಪ" ಎಂದು ಸಪ್ಲೈಯರ್‌ಗೆ ಹೇಳುವಾಗ ಅವಳು ನನ್ನ ಮುಖ ನೋಡಲಿಲ್ಲ. ಕೇಸರಿಬಾತ್ ಬಂದು ನನ್ನ ಮುಂದೆ ಕೂತಿತು. ಅಮ್ಮ ಸ್ಪೂನ್ ಎತ್ತಿಕೊಂಡು, "ನಿಂಗೆ ಇಷ್ಟೆಲ್ಲ ಆಗಲ್ಲ ಬಿಡು" ಎಂದು ಒಂದು ತುದಿ ತೆಗೆದಳು. ಆಮೇಲೆ ಇನ್ನೊಂದು ತುದಿ. ಒಂದು ಕೇಸರಿಬಾತಿಗೆ ಎಷ್ಟು ತುದಿಗಳಿರುತ್ತವೆ? ನಾನು ನೋಡುತ್ತಿದ್ದ ಹಾಗೆಯೇ ತಟ್ಟೆಯಲ್ಲಿ ಒಂದು ದ್ರಾಕ್ಷಿ ಉಳಿಯಿತು. ಅದು ನನ್ನ ಪಾಲು.

(ಅಮ್ಮನಿಗೆ ಶುಗರ್ ಬಾರ್ಡರ್‌ನಲ್ಲಿದೆ. ಡಾಕ್ಟರು ಸಿಹಿ ಬೇಡ ಎಂದಿದ್ದಾರೆ. ಅಮ್ಮ ಡಾಕ್ಟರ ಮಾತು ಮೀರಿಲ್ಲ. ಸಿಹಿ ತರಿಸಿದ್ದು ನನಗೆ ತಾನೇ!)

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಅದೇ ವಾರಾಂತ್ಯದಲ್ಲಿ ಇನ್ನೊಂದು ಕೇಸರಿಬಾತ್ ನನ್ನ ತಲೆ ಮೇಲೆ ಬಂದು ಕೂತಿದೆ. ಅದನ್ನು ಯಾರು ಯಾರಿಗೆ ತರಿಸಿದರು ಎಂದು ಎರಡು ದಿನದಿಂದ ಯೋಚಿಸುತ್ತಿದ್ದೇನೆ. ಗೊತ್ತಾಗುತ್ತಿಲ್ಲ. ಅದಕ್ಕೇ ನಿಮ್ಮ ಮುಂದೆ ಇಡುತ್ತಿದ್ದೇನೆ.

ನಾನು ವಾರವಿಡೀ ಒಂದು ಆಡಿಟರ್ ಆಫೀಸಿನಲ್ಲಿ ಬೇರೆಯವರ ಬಿಲ್ಲುಗಳನ್ನು ತಿಂಗಳುವಾರು ಜೋಡಿಸುವವಳು. ಶನಿವಾರ, ಭಾನುವಾರ ಮಾತ್ರ ನನ್ನದು. ಹೊರಗೆ ಒಂದು ತಿಂಡಿ, ತುಂಗೆಯ ಕಡೆಗೆ ಒಂದು ವಾಕ್, ಸಂಜೆ ಸಂಗೀತ. ಇವೆಲ್ಲಕ್ಕೂ ಶುಕ್ರವಾರವೇ ಡೈರಿಯಲ್ಲಿ ಟೈಮ್ ಬರೆದಿಡುತ್ತೇನೆ. "ಆರಾಮಾಗಿ ಇರೋದಕ್ಕೂ ಟೈಮ್‌ಟೇಬಲ್ ಹಾಕ್ತೀಯಲ್ಲೇ" ಎಂದು ಅಮ್ಮ ಆಡಿಕೊಳ್ಳುತ್ತಾಳೆ. ಏನು ಮಾಡಲಿ? ಟೈಮ್‌ಟೇಬಲ್ ಇಲ್ಲದಿದ್ದರೆ ನನಗೆ ಆರಾಮವೇ ಆಗುವುದಿಲ್ಲ.

ಸಂಗೀತ ಎಂದೆನಲ್ಲ, ಅದು ನಮ್ಮ ಕರೋಕೆ ಬಳಗ. ರವೀಂದ್ರನಗರದಲ್ಲಿ ಗಾಯತ್ರಿ ಮೇಡಂ ಎಂಬ ನಿವೃತ್ತ ಹೈಸ್ಕೂಲ್ ಟೀಚರ್ ಇದ್ದಾರೆ. ಅವರ ಮನೆಯ ಮಹಡಿಯಲ್ಲಿ ಪ್ರತಿ ಶನಿವಾರ ಸಂಜೆ ಸೇರುತ್ತೇವೆ. ಬಳಗದಲ್ಲಿ ನನ್ನೊಬ್ಬಳನ್ನು ಬಿಟ್ಟರೆ ಎಲ್ಲರೂ ಪೆನ್ಷನ್ ತೆಗೆದುಕೊಳ್ಳುವವರು. ಹಾಡುಗಾರರ ದನಿಯಿಲ್ಲದ, ಬರೀ ವಾದ್ಯಗಳಿರುವ ಟ್ರ್ಯಾಕ್ ಹಾಕಿ, ಅದರ ಮೇಲೆ ಹಳೆಯ ಸಿನಿಮಾ ಹಾಡು ಹಾಡುತ್ತಾರೆ. ನಾನು ಹಾಡುವುದಿಲ್ಲ. ಲ್ಯಾಪ್‌ಟಾಪ್ ನೋಡಿಕೊಳ್ಳುತ್ತೇನೆ. (ಒಂದು ಸಲ ಹಾಡಿದ್ದೆ. ಮುಗಿದ ಮೇಲೆ ಮೇಡಂ ಬಹಳ ಪ್ರೀತಿಯಿಂದ, "ಟ್ರ್ಯಾಕ್ ಹಾಕೋದಕ್ಕೂ ಒಬ್ಬರು ಬೇಕಲ್ಲ ಕಾವ್ಯ" ಎಂದರು. ಅರ್ಥವಾಯಿತು.)

ಇಲ್ಲಿ ಒಂದು ವಿಷಯ ಹೇಳಬೇಕು. ಪ್ರತಿ ಟ್ರ್ಯಾಕ್‌ಗೂ ಅದರದ್ದೇ ಒಂದು ಎತ್ತರ ಇರುತ್ತದೆ. ಅದು ಗಂಟಲಿಗೆ ಎಟುಕದಿದ್ದರೆ ಲ್ಯಾಪ್‌ಟಾಪಿನಲ್ಲಿ ಇಡೀ ಹಾಡನ್ನೇ ಕೆಳಗೆ ಇಳಿಸಬಹುದು. ಇದಕ್ಕೆ ನಮ್ಮಲ್ಲಿ 'ಸ್ಕೇಲ್ ಇಳಿಸುವುದು' ಎನ್ನುತ್ತಾರೆ. ಒಂದು ಇಳಿಸು, ಎರಡು ಇಳಿಸು ಎಂದು ಹೇಳುತ್ತಾರೆ, ಒಲೆಯ ಉರಿ ಇಳಿಸಿದ ಹಾಗೆ. ಆದರೆ ಯಾರೂ ಗಟ್ಟಿಯಾಗಿ ಹೇಳುವುದಿಲ್ಲ. 'ಒರಿಜಿನಲ್ ಸ್ಕೇಲ್'ನಲ್ಲಿ ಹಾಡುವವರಿಗೆ ಬಳಗದಲ್ಲಿ ತೂಕ ಜಾಸ್ತಿ. ಇಳಿಸಿಕೊಳ್ಳುವವರು ನೀರು ಕುಡಿಯುವ ನೆಪದಲ್ಲಿ ನನ್ನ ಹತ್ತಿರ ಬಂದು, ಕಿವಿಯಲ್ಲಿ ಹೇಳಿ ಹೋಗುತ್ತಾರೆ. ನನ್ನ ಹೊಟ್ಟೆಯಲ್ಲಿ ಇಂಥ ಗುಟ್ಟುಗಳು ಬೇಕಾದಷ್ಟಿವೆ.

ಈಗ ಶುಕ್ರವಾರ ಸಂಜೆಗೆ ಬನ್ನಿ.

ಮಹೇಶ್ವರಪ್ಪ ಅಂಕಲ್ ಫೋನ್ ಮಾಡಿದರು. ಅವರು ಭದ್ರಾವತಿಯ ಕಾರ್ಖಾನೆಯಲ್ಲಿ ಕೆಲಸ ಮಾಡಿ ರಿಟೈರಾದವರು. ಈಗ ಅಂಕಲ್, ಅವರ ಹೆಂಡತಿ ಸರ್ವಮಂಗಳ ಆಂಟಿ ಇಬ್ಬರೂ ನಮ್ಮ ಬೀದಿಯಲ್ಲೇ ಇದ್ದಾರೆ, ನಮ್ಮ ಬಳಗದಲ್ಲೂ ಇದ್ದಾರೆ. ಕಾರ್ಖಾನೆಯ ಕಾಲೊನಿಯಲ್ಲಿದ್ದಾಗ ಗಣೇಶನ ಹಬ್ಬ ಬಂದರೆ ಇವರಿಬ್ಬರ ಯುಗಳಗೀತೆ ಇದ್ದೇ ಇರುತ್ತಿತ್ತಂತೆ. ಅದೇ ಕಾಲೊನಿಯ ಸಮುದಾಯ ಭವನದಲ್ಲಿ ಈ ಭಾನುವಾರ ಹಳೆಯ ನಿವಾಸಿಗಳ ಸ್ನೇಹಕೂಟ. ಅಲ್ಲಿ ಇವರು ಮತ್ತೆ ಹಾಡಬೇಕು. ಎಷ್ಟೋ ವರ್ಷಗಳ ಮೇಲೆ ಸ್ಟೇಜು. ನಡುವೆ ಆಂಟಿಗೆ ಥೈರಾಯ್ಡ್ ಆಪರೇಷನ್ ಆಯಿತು. ಅಂಕಲ್‌ಗೆ ಸ್ಟೆಂಟ್ ಹಾಕಿದರು.

"ಕಾವ್ಯಾ, ಒಂದು ಗುಟ್ಟು" ಎಂದರು ಅಂಕಲ್. ದನಿ ತಗ್ಗಿತ್ತು. ಹಿಂದೆ ಸ್ಕೂಟರ್ ಸದ್ದು. ರಸ್ತೆಗೆ ಬಂದು ಮಾತಾಡುತ್ತಿದ್ದರು ಎಂದು ಕಾಣುತ್ತದೆ. "ನಮ್ಮ ಹಾಡು ಇದೆಯಲ್ಲ, ಅದನ್ನ ಎರಡು ಇಳಿಸಿಬಿಡು."

"ಯಾಕೆ ಅಂಕಲ್? ನೀವು ಒರಿಜಿನಲ್ಲೇ ಹಾಡ್ತಿದ್ರಲ್ಲ?"

"ನನಗಲ್ಲ ಮಾರಾಯ್ತಿ. ಅವಳಿಗೆ. ಆಪರೇಷನ್ ಆದ್ಮೇಲೆ ಅವಳಿಗೆ ಮೇಲೆ ಹೋಗಲ್ಲ. ಕೊನೇ ಚರಣದಲ್ಲಿ ಇಬ್ರೂ ಸೇರಿ ಎತ್ತೋದಿದೆಯಲ್ಲ, ಅಲ್ಲಿ ಒಡೆಯತ್ತೆ. ಕಾಲೊನಿಯೋರ ಮುಂದೆ ಒಡೀತು ಅಂದ್ರೆ ಮುಗೀತು, ಅವಳು ಮತ್ತೆ ಮೈಕ್ ಮುಟ್ಟಲ್ಲ. ನನಗೆ ಗೊತ್ತು ಅವಳ ಹಟ. ಆದ್ರೆ ಇಳಿಸಿದ್ದು ಅವಳಿಗೆ ಗೊತ್ತಾಗಬಾರದು. ಬೇಜಾರು ಮಾಡ್ಕೋತಾಳೆ."

ಎಷ್ಟು ಒಳ್ಳೆಯ ಗಂಡ! ನಾನು ಅವತ್ತೇ ಟ್ರ್ಯಾಕ್ ತೆರೆದು ಎರಡು ಇಳಿಸಿ, ಹೊಸ ಫೈಲಾಗಿ ಸೇವ್ ಮಾಡಿ, 'ಫೈನಲ್' ಎಂದು ಹೆಸರು ಕೊಟ್ಟೆ. ಕೆಲಸ ಬಾಕಿ ಇಡುವ ಜಾಯಮಾನ ನನ್ನದಲ್ಲ.

ಮತ್ತೆ ಶನಿವಾರ ಬೆಳಿಗ್ಗೆಯ ಹೋಟೆಲು. ಅಮ್ಮ ಕೇಸರಿಬಾತ್ ಮುಗಿಸಿ ಕೈ ತೊಳೆಯಲು ಎದ್ದಳು. ಅಷ್ಟರಲ್ಲಿ ಒಳಗೆ ಬಂದವರು ಸರ್ವಮಂಗಳ ಆಂಟಿ. "ಇವರಿಗೆ ಉದ್ದಿನ ವಡೆ ಬೇಕಂತೆ, ಪಾರ್ಸಲ್ ಹೇಳಿದೀನಿ" ಎಂದು ನನ್ನ ಎದುರು ಕೂತರು. ಕೂತವರೇ ಕೈ ತೊಳೆಯುವ ಕಡೆ ಒಮ್ಮೆ ನೋಡಿ, ಮುಂದಕ್ಕೆ ಬಾಗಿದರು.

"ಪುಟ್ಟಿ, ನಮ್ಮ ಹಾಡು ಎರಡು ಇಳಿಸಕ್ಕಾಗತ್ತಾ?"

ನನಗೆ ನಗು ಬಂತು. ಆಂಟಿಯೇ ಒಪ್ಪಿಕೊಂಡರಲ್ಲ, ಇನ್ನು ಅಂಕಲ್ ಗುಟ್ಟು ಮುಚ್ಚಿಡುವ ಕಷ್ಟವಿಲ್ಲ ಎಂದುಕೊಂಡೆ. ಅಷ್ಟರಲ್ಲಿ ಆಂಟಿ ಮುಂದುವರಿಸಿದರು.

"ನನಗೇನೂ ತೊಂದ್ರೆ ಇಲ್ಲ. ಇವರಿಗೆ ಕಣೇ. ಸ್ಟೆಂಟ್ ಹಾಕಿದ್ಮೇಲೆ ಉಸಿರು ಹಿಡಿಯಕ್ಕಾಗ್ತಿಲ್ಲ. ಆ ಕೊನೇ ಚರಣ ಎತ್ತುವಾಗ ಕತ್ತಿನ ನರ ಉಬ್ಬತ್ತೆ, ನೋಡಿದ್ರೆ ನಂಗೇ ಎದೆ ಹೊಡ್ಕೊಳ್ಳತ್ತೆ. ಆದ್ರೆ ಹೇಳಂಗಿಲ್ಲ, ಗಂಡಸು ನೋಡು. ಅಲ್ಲೇನಾದ್ರೂ ಎಡವಟ್ಟಾದ್ರೆ ಇವರು ಆಮೇಲೆ ಹಾಡೋದೇ ಬಿಟ್ಟುಬಿಡ್ತಾರೆ. ಮನೇಲಿ ಸುಮ್ನೆ ಟಿವಿ ಮುಂದೆ ಕೂತುಬಿಡ್ತಾರೆ. ಇಳಿಸಿದ್ದು ಮಾತ್ರ ಇವರಿಗೆ ಗೊತ್ತಾಗಬಾರದು, ಆಣೆ."

ಆಗಲೇ ಇಳಿಸಿದ್ದೇನೆ ಎಂದರೆ, ಯಾರು ಹೇಳಿದರು ಎಂದು ಕೇಳುತ್ತಾರೆ. ಆಗುವುದಿಲ್ಲ ಎಂದರೆ ಸುಳ್ಳು. "ಆಯ್ತು ಆಂಟಿ" ಎಂದೆ. ಅಮ್ಮ ಬಂದಳು. ವಡೆಯ ಪಾರ್ಸಲ್ಲೂ ಬಂತು. ಆಂಟಿ ಅದರಿಂದ ಒಂದು ವಡೆ ತೆಗೆದು, "ಬಿಸಿ ಇದೆಯಾ ಇಲ್ವಾ ನೋಡ್ತೀನಿ, ಇವರಿಗೆ ತಣ್ಣಗಿದ್ರೆ ಆಗಲ್ಲ" ಎಂದು ಅಲ್ಲೇ ಕೂತು ಪೂರ್ತಿ ತಿಂದರು.

ಬಿಸಿ ಇತ್ತಂತೆ.

ಇನ್ನು ನಾನು ಮಾಡಿದ ಎಡವಟ್ಟು. ಮನೆಗೆ ಬಂದು ಲ್ಯಾಪ್‌ಟಾಪ್ ತೆರೆದೆ. ಆಂಟಿಗೆ ಕೊಟ್ಟ ಮಾತು, ನೋಡಿಯೇ ಬಿಡೋಣ ಎಂದು 'ಫೈನಲ್' ಫೈಲ್ ತೆರೆದರೆ ಸ್ಕೇಲಿನ ಜಾಗದಲ್ಲಿ ಸೊನ್ನೆ ಎಂದು ತೋರಿಸುತ್ತಿದೆ. ಸೊನ್ನೆ ಎಂದರೆ ಒರಿಜಿನಲ್ ಎಂದಲ್ಲವೇ? ಓಹೋ, ನಿನ್ನೆ ಇಳಿಸಿದ್ದು ಸೇವ್ ಆಗಿಲ್ಲ ಎಂದುಕೊಂಡೆ. ಎರಡು ಇಳಿಸಿ, ಮತ್ತೊಂದು ಫೈಲಾಗಿ ಸೇವ್ ಮಾಡಿದೆ. ಇಳಿಸಿ ಸೇವ್ ಮಾಡಿದ ಹಾಡನ್ನು ಆ ಸಾಫ್ಟ್‌ವೇರ್ ಹೊಸ ಹಾಡೆಂದೇ ತಿಳಿದು, ಅಲ್ಲಿಂದ ಹೊಸದಾಗಿ ಸೊನ್ನೆ ಎಣಿಸುತ್ತದೆ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಆ ಹೊತ್ತಿಗೆ ತಲೆಗೆ ಹೊಳೆಯಲಿಲ್ಲ. ತುಂಗೆಯ ಕಡೆ ವಾಕ್ ಹೋಗುವ ಟೈಮ್ ಆಗಿತ್ತು. (ಟೈಮ್‌ಟೇಬಲ್ ಹಾಕಿಕೊಂಡರೆ ಇದೇ ಕಷ್ಟ.)

ಒಟ್ಟು ನಾಲ್ಕು ಇಳಿದಿತ್ತು.

ಸಂಜೆ ರವೀಂದ್ರನಗರ. ಗಾಯತ್ರಿ ಮೇಡಂ ಮನೆಯ ಮಹಡಿ. ಮಂಡಕ್ಕಿ ಖಾರ, ಫ್ಲಾಸ್ಕ್ ತುಂಬ ಕಾಫಿ. ಅಂಕಲ್, ಆಂಟಿ ಮೈಕ್ ಹಿಡಿದು ನಿಂತರು. ನಾನು ಟ್ರ್ಯಾಕ್ ಹಾಕಿದೆ. ಮೊದಲ ಪಿಟೀಲು ಕೇಳಿದಾಗಲೇ ನನ್ನ ಕಿವಿ ನಿಮಿರಿತು. ಮದುವೆ ಮನೆಯಲ್ಲಿ ಕೇಳಬೇಕಾದ ಹಾಡು ಬೇರೆ ಯಾವುದೋ ಮನೆಯಿಂದ ಬರುತ್ತಿರುವ ಹಾಗೆ ಕೇಳಿಸಿತು.

ಪಲ್ಲವಿ ಅಂಕಲ್‌ದು. ಅದು ಮೊದಲೇ ತಗ್ಗಿನಲ್ಲಿ ಶುರುವಾಗುವಂಥದ್ದು. ಅಂಕಲ್ ಬಾಯಿ ತೆರೆದರು. ದನಿ ಬರಲಿಲ್ಲ, ಬರೀ ಗಾಳಿ ಬಂತು. ಗಲ್ಲವನ್ನು ಎದೆಗೆ ಒತ್ತಿಕೊಂಡು, ಬಾವಿಯಿಂದ ಕೊಡ ಎತ್ತುವವರ ಹಾಗೆ ಎರಡನೆಯ ಸಾಲನ್ನು ಎಳೆದರು. ಆಂಟಿ ಸರದಿ ಬಂದಾಗ ಅವರ ದನಿ ದಪ್ಪಗಾಗಿ, ನನಗೆ ಗುರುತೇ ಸಿಗಲಿಲ್ಲ. ಅಂಕಲ್ ಒಮ್ಮೆ ಆಂಟಿಯನ್ನು ನೋಡಿದರು. ಆಂಟಿ ಒಮ್ಮೆ ಅಂಕಲ್‌ರನ್ನು ನೋಡಿದರು. ಇಬ್ಬರೂ ಒಮ್ಮೆ ನನ್ನನ್ನು ನೋಡಿದರು.

ನಾನು ಲ್ಯಾಪ್‌ಟಾಪ್ ನೋಡಿದೆ.

ನಿಲ್ಲಿಸಿ ಎಂದು ಇಬ್ಬರಲ್ಲಿ ಒಬ್ಬರಾದರೂ ಹೇಳಬೇಕಿತ್ತಲ್ಲವೇ? ಹೇಳಲಿಲ್ಲ. ಹೇಗೆ ಹೇಳುತ್ತಾರೆ? ಯಾಕಿಷ್ಟು ಕೆಳಗೆ ಎಂದು ಕೇಳಿದರೆ, ಇಳಿಸಲು ಹೇಳಿದ್ದು ನಾನೇ ಎಂದು ಒಪ್ಪಬೇಕಾಗುತ್ತದೆ. ಹಾಗಾಗಿ ಹಾಡು ಪೂರ್ತಿ ಮುಗಿಯಿತು. ಮುಗಿದ ಮೇಲೆ ಇಬ್ಬರ ಮುಖದಲ್ಲೂ ನಗು.

"ನೀನು ಚೆನ್ನಾಗಿ ಹಾಡಿದೆ" ಎಂದರು ಅಂಕಲ್.

"ನಿಮ್ದೂ ಚೆನ್ನಾಗಿತ್ತು ರೀ" ಎಂದರು ಆಂಟಿ.

ಗಾಯತ್ರಿ ಮೇಡಂ ಮಾತ್ರ ಟೀಚರ್. ಅವರಿಗೆ ಸುಳ್ಳು ಮಾರ್ಕ್ಸ್ ಕೊಟ್ಟು ಅಭ್ಯಾಸವಿಲ್ಲ. "ಏನ್ರೀ ಇದು, ಪ್ರೇಮಗೀತೆನೋ ಶ್ರದ್ಧಾಂಜಲಿನೋ? ನಾಳೆ ಭದ್ರಾವತಿಯೋರು ಎದ್ದು ನಿಂತು ಎರಡು ನಿಮಿಷ ಮೌನ ಆಚರಿಸ್ತಾರೆ ಅಷ್ಟೇ" ಎಂದರು. ಎಲ್ಲರೂ ನಕ್ಕರು. ಅಂಕಲ್ ಕೂಡ ನಕ್ಕರು. ಆದರೆ ಮಂಡಕ್ಕಿ ತಿನ್ನಲಿಲ್ಲ. ಆಂಟಿ ಕಾಫಿ ಮುಗಿಸುವ ಮೊದಲೇ, "ಇವರಿಗೆ ಸುಸ್ತಾಗಿದೆ" ಎಂದು ಎದ್ದುಬಿಟ್ಟರು.

ಅವರು ಮೆಟ್ಟಿಲು ಇಳಿದು ಹೋದ ಮೇಲೆ ಲ್ಯಾಪ್‌ಟಾಪ್ ನೋಡಿದೆ. ಒರಿಜಿನಲ್ ಫೈಲನ್ನೂ ಇದನ್ನೂ ಪಕ್ಕಪಕ್ಕ ಹಾಕಿ ಕೇಳಿದೆ. ನಾಲ್ಕು! ನನ್ನ ಆಫೀಸಿನಲ್ಲಿ ಒಂದೇ ಬಿಲ್ಲನ್ನು ಎರಡು ಸಲ ಸೇರಿಸಿದರೆ ಬೈಸಿಕೊಳ್ಳುತ್ತೇನೆ. ಇಲ್ಲಿ ಒಂದೇ ಕೋರಿಕೆಯನ್ನು ಎರಡು ಸಲ ಸೇರಿಸಿದ್ದೆ.

ಒಂದೇ ಕೋರಿಕೆಯೇ? ಅಲ್ಲಿಂದಲೇ ನನ್ನ ಗೊಂದಲ ಶುರುವಾಗಿದ್ದು.

ಅಂಕಲ್ ಹೇಳಿದ್ದು ಆಂಟಿಗಾಗಿ. ಆಂಟಿ ಹೇಳಿದ್ದು ಅಂಕಲ್‌ಗಾಗಿ. ಇಬ್ಬರೂ ನಿಜ ಹೇಳಿದ್ದರೆ ಇಬ್ಬರಿಗೂ ಕಷ್ಟವಿದೆ, ಇಬ್ಬರಿಗೂ ತಮ್ಮ ಕಷ್ಟ ಗೊತ್ತಿಲ್ಲ. ಇದು ಸಾಧ್ಯವೇ? ತನ್ನ ಗಂಟಲು ಒಡೆಯುವುದು ತನಗೆ ತಿಳಿಯದೇ ಇರುತ್ತದೆಯೇ? ಇಲ್ಲಾ, ಇಬ್ಬರೂ ತಮಗೆ ಬೇಕಾದ್ದನ್ನು ಇನ್ನೊಬ್ಬರ ಹೆಸರಿನಲ್ಲಿ ತರಿಸುತ್ತಿದ್ದಾರೆಯೇ? ಹಾಗಿದ್ದರೆ ಕತ್ತಿನ ನರ ಉಬ್ಬುವುದನ್ನು ನೋಡಿ ಎದೆ ಹೊಡೆದುಕೊಳ್ಳುತ್ತದೆ ಎಂದಾಗ ಆಂಟಿಯ ಕಣ್ಣಲ್ಲಿ ಕಂಡಿದ್ದು ಏನು? ಅದು ನಾಟಕ ಅಲ್ಲ. ನಾಟಕವನ್ನು ನಾನು ಒಂದು ವಡೆಯಷ್ಟು ಹತ್ತಿರದಿಂದ ನೋಡಿದ್ದೇನೆ, ವ್ಯತ್ಯಾಸ ಗೊತ್ತಾಗುತ್ತದೆ.

ನಮ್ಮ ಕಡೆ ಮದುವೆ ಊಟದ ಪಂಕ್ತಿಯಲ್ಲಿ ಕೂತಿದ್ದೀರಾ? ಕೂತಿರುತ್ತೀರಿ. ಹೋಳಿಗೆ ಬರುತ್ತದೆ. "ನಂಗೆ ಇನ್ನೊಂದು ಹಾಕಿ" ಎಂದು ಯಾರಾದರೂ ಕೇಳಿದ್ದನ್ನು ನೋಡಿದ್ದೀರಾ? ನಾನಂತೂ ನೋಡಿಲ್ಲ. ಬಡಿಸುವವರು ಬಂದಾಗ ನಾವು ಎಲೆಯ ಮೇಲೆ ಕೈ ಅಡ್ಡ ಹಿಡಿದು, ಪಕ್ಕದವರನ್ನು ತೋರಿಸುತ್ತೇವೆ. "ಅವರಿಗೆ ಹಾಕಿ, ನನಗೆ ಬೇಡ." ಪಕ್ಕದವರು, "ಅಯ್ಯೋ, ಇವರಿಗೆ ಹಾಕ್ರೀ ಮೊದಲು" ಎನ್ನುತ್ತಾರೆ. ಬಡಿಸುವವರು ಅನುಭವಸ್ಥರು. ಇಬ್ಬರ ಎಲೆಗೂ ಹಾಕಿ ತುಪ್ಪ ಸುರಿದು ಮುಂದೆ ಹೋಗುತ್ತಾರೆ. ಇಬ್ಬರೂ "ಛೇ ಛೇ" ಎನ್ನುತ್ತಲೇ ತಿಂದು ಮುಗಿಸುತ್ತಾರೆ. ಇಬ್ಬರಲ್ಲಿ ಹೋಳಿಗೆ ಯಾರಿಗೆ ಬೇಕಿತ್ತು? ಯಾರೂ ಕೇಳುವುದಿಲ್ಲ. ಕೇಳಿದರೆ ಅಪಚಾರ.

ಫ್ಯಾನ್ ಜೋರು ಮಾಡಬೇಕಾದರೆ "ಪಾಪ ಮಗುವಿಗೆ ಸೆಕೆ". ಬಸ್ಸಿನ ಕಿಟಕಿ ಸೀಟು ಬೇಕಾದರೆ "ಇವಳಿಗೆ ವಾಂತಿ ಬರತ್ತೆ". ಆಟೋ ಬೇಕಾದರೆ "ಇವರಿಗೆ ಮಂಡಿ ನೋವು". ನಾವು ಬೇಕು ಎಂಬ ಮಾತನ್ನು ನೇರವಾಗಿ ಬಾಯಿಗೆ ತರುವುದೇ ಇಲ್ಲ. ಇನ್ನೊಬ್ಬರ ಕೈಯಲ್ಲಿ ಕೊಟ್ಟು ಕಳಿಸುತ್ತೇವೆ.

(ನಾನೇನು ಬೇರೆಯಲ್ಲ. ಪ್ರತಿ ಶನಿವಾರ ಕರೋಕೆಗೆ ಯಾಕೆ ಹೋಗುತ್ತೀಯಾ ಎಂದು ಅಮ್ಮ ಕೇಳಿದರೆ, "ಪಾಪ, ಅವರಿಗೆ ಲ್ಯಾಪ್‌ಟಾಪ್ ಬರಲ್ಲ" ಎನ್ನುತ್ತೇನೆ. ಗಾಯತ್ರಿ ಮೇಡಂ ಲ್ಯಾಪ್‌ಟಾಪ್ ನನಗಿಂತ ಚೆನ್ನಾಗಿ ನಡೆಸುತ್ತಾರೆ.)

ಅದಿರಲಿ. ಪಂಕ್ತಿಯಲ್ಲಿ ಎರಡೂ ಎಲೆಗೆ ಹಾಕಿ ಮುಂದೆ ಹೋಗಬಹುದು. ಆದರೆ ಹಾಡಿಗೆ ಇರುವುದು ಒಂದೇ ಸ್ಕೇಲು.

ಭಾನುವಾರ ಮಧ್ಯಾಹ್ನ ಅಂಕಲ್ ಕಾರಿನಲ್ಲಿ ಭದ್ರಾವತಿಗೆ ಹೊರಟೆವು. ಮುಂದೆ ಅವರಿಬ್ಬರು, ಹಿಂದೆ ನಾನು ಮತ್ತು ಲ್ಯಾಪ್‌ಟಾಪ್. ಆ ಲ್ಯಾಪ್‌ಟಾಪಿನಲ್ಲಿ ಈಗ ಮೂರು ಹಾಡು: ಒರಿಜಿನಲ್, ಎರಡು ಇಳಿದದ್ದು, ನಾಲ್ಕು ಇಳಿದದ್ದು. ಯಾವುದನ್ನು ಹಾಕಬೇಕೆಂದು ತೀರ್ಮಾನವಾಗಿರಲಿಲ್ಲ. ಎರಡು ಇಳಿದದ್ದೇ ಸರಿ ಎಂದು ಬುದ್ಧಿ ಹೇಳುತ್ತಿತ್ತು. ಆದರೆ ನಿನ್ನೆ ಇಬ್ಬರ ಧೈರ್ಯವನ್ನೂ ನಾನೇ ಕೆಡಿಸಿಬಿಟ್ಟಿದ್ದೆನಲ್ಲ!

ಕಾರಿನಲ್ಲಿ ಯಾವಾಗಲೂ ಗುನುಗುವ ಅಂಕಲ್ ಗುನುಗಲಿಲ್ಲ. ಮಲವಗೊಪ್ಪದ ಹತ್ತಿರ ಒಂದು ಕಡೆ ಗಾಡಿ ನಿಲ್ಲಿಸಿ, "ಇವಳಿಗೆ ಕಾಫಿ ಬೇಕಾಗಿರತ್ತೆ" ಎಂದರು. ಆಂಟಿ ಬೇಡ ಎನ್ನಲಿಲ್ಲ, ಬೇಕು ಎಂದೂ ಹೇಳಲಿಲ್ಲ. ಇಳಿದು ಬಾತ್‌ರೂಮ್ ಹುಡುಕಿಕೊಂಡು ಹೋದರು. ತಕ್ಷಣ ಅಂಕಲ್ ನನ್ನ ಕಡೆ ತಿರುಗಿದರು.

"ಎರಡು ಅಂದಿದ್ದೆ. ನಿನ್ನೆ ತೀರ ಕೆಳಗಿತ್ತಲ್ಲ?"

"ಅದು... ನನ್ನ ತಪ್ಪು ಅಂಕಲ್. ಎರಡು ಸಲ ಇಳಿಸಿಬಿಟ್ಟಿದ್ದೆ."

ಎಷ್ಟೊಂದು ನಿರಾಳ ಅವರ ಮುಖದಲ್ಲಿ! "ಅಯ್ಯೋ ಮಾರಾಯ್ತಿ! ನಾನು ರಾತ್ರಿ ಎಲ್ಲ ನನ್ನ ಗಂಟಲೇ ಹೋಯ್ತು ಅಂದ್ಕೊಂಡಿದ್ದೆ" ಎಂದವರು, ಥಟ್ಟನೆ ಸರಿಪಡಿಸಿಕೊಂಡರು. "ಅಂದ್ರೆ, ಅವಳಿಗೆ ಪಾಪ ಕಷ್ಟ ಆಯ್ತು. ಅವಳ ಸಲುವಾಗಿ ಹೇಳ್ದೆ. ಸ್ವಲ್ಪ ಮೇಲೆತ್ತು."

ಅಂಕಲ್ ಕಾಫಿಗೆ ಟೋಕನ್ ತೆಗೆದುಕೊಳ್ಳಲು ಹೋದರು. ಆಂಟಿ ಬಂದರು. ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾ, "ಪುಟ್ಟಿ, ಬೈಬೇಡ. ನಿನ್ನೆ ಇವರಿಗೆ ತೀರ ಕೆಳಗಾಯ್ತು ಕಣೇ. ಪಲ್ಲವಿ ಹೇಳಕ್ಕೇ ಆಗಲಿಲ್ಲ. ಒಂಚೂರು ಏರಿಸು. ಇವರಿಗೆ ಮಾತ್ರ..."

"ಗೊತ್ತಾಗಬಾರದು" ಎಂದೆ ನಾನು.

"ಜಾಣೆ" ಎಂದರು ಆಂಟಿ.

ಈಗ ಎಷ್ಟು ಏರಿಸಬೇಕು? ಇವರು ಹೇಳಿದ್ದಕ್ಕೆ ಒಂದು, ಅವರು ಹೇಳಿದ್ದಕ್ಕೆ ಒಂದು ಎಂದು ಸೇರಿಸಹೊರಟರೆ ಇನ್ನೊಂದು ಅನಾಹುತ. ಎರಡು ಇಳಿದ ಹಾಡನ್ನೇ ಮೊದಲ ಸಾಲಿಗೆ ಎಳೆದಿಟ್ಟು, ಲ್ಯಾಪ್‌ಟಾಪ್ ಮುಚ್ಚಿಬಿಟ್ಟೆ.

ಸಮುದಾಯ ಭವನದಲ್ಲಿ ಹಬ್ಬದ ವಾತಾವರಣ. ಬಾಗಿಲಲ್ಲೇ ಮುರುಗೇಶಣ್ಣ ಸಿಕ್ಕರು. ಅಂಕಲ್ ಜೊತೆ ಒಂದೇ ಶಿಫ್ಟಿನಲ್ಲಿದ್ದವರು, ಅವತ್ತಿನ ನಿರೂಪಕರೂ ಅವರೇ. "ವಾಂಗೋ ವಾಂಗೋ, ಬನ್ನಿ! ನಮ್ಮ ಹೀರೋ ಹೀರೋಯಿನ್ ಬಂದ್ಬಿಟ್ರು!" ಎಂದು ಅಂಕಲ್‌ರನ್ನು ತಬ್ಬಿಕೊಂಡರು. "ಮಹೇಶಣ್ಣಾ, ಇವತ್ತು ಆ ಕೊನೇ ಎತ್ತರ ಇದೆಯಲ್ಲ, ಅದಕ್ಕೋಸ್ಕರ ನಾನು ಮುಂದಿನ ಸಾಲಲ್ಲೇ ಕೂತ್ಕೋತೀನಿ. ಅದು ಕೇಳಿ ಎಷ್ಟು ವರ್ಷ ಆಯ್ತಪ್ಪ!"

ಅಂಕಲ್ ನಕ್ಕರು. ಆಂಟಿ ನೀರು ಕೇಳಿದರು.

ಪುಳಿಯೋಗರೆ, ಬೋಂಡಾ, ಮಕ್ಕಳ ಡ್ಯಾನ್ಸ್, ಯಾರದೋ ಮಿಮಿಕ್ರಿ. ಒಳ್ಳೆಯ ಭಾನುವಾರಕ್ಕೆ ಬೇಕಾದ್ದೆಲ್ಲ ಇತ್ತು. ನನಗೆ ಒಂದೂ ರುಚಿಸಲಿಲ್ಲ. ಕೊನೆಗೆ ಇವರ ಹೆಸರು ಕೂಗಿದರು. ಚಪ್ಪಾಳೆ ನಿಲ್ಲಲು ಸ್ವಲ್ಪ ಹೊತ್ತೇ ಬೇಕಾಯಿತು.

ಟ್ರ್ಯಾಕ್ ಹಾಕಿದೆ. ಪಲ್ಲವಿ ಬಂತು. ಅಂಕಲ್ ದನಿ ನೆಲದ ಮೇಲೆ ನಿಂತಿತು. ಆಂಟಿ ಸೇರಿಕೊಂಡರು. ದನಿಯಲ್ಲಿ ಸ್ವಲ್ಪ ಮರಳು ಇತ್ತು, ಆದರೆ ಅದು ಅವರದೇ ದನಿ. ಮೊದಲ ಚರಣ ಮುಗಿಯುವ ಹೊತ್ತಿಗೆ ಜನ ತಲೆದೂಗುತ್ತಿದ್ದರು. ನಾನು ಉಸಿರು ಬಿಟ್ಟೆ.

ಕೊನೆಯ ಚರಣ. ಆ ಎತ್ತರದ ಜಾಗ ಹಾಡಿನಲ್ಲಿ ಎರಡು ಸಲ ಬರುತ್ತದೆ. ಇಬ್ಬರೂ ಸೇರಿ ಎತ್ತಬೇಕು. ವಾದ್ಯಗಳು ಏರಿದವು. ಮುರುಗೇಶಣ್ಣ ಕುರ್ಚಿಯ ತುದಿಗೆ ಬಂದರು. ಅಂಕಲ್ ಮೈಕನ್ನು ಬಾಯಿಂದ ಒಂದಿಷ್ಟು ದೂರ ಸರಿಸಿ, ಆಂಟಿಯ ಕಡೆ ತಿರುಗಿ ನಿಂತರು. ಅದೇ ಹೊತ್ತಿಗೆ ಆಂಟಿಯೂ ಮೈಕ್ ಇಳಿಸಿ, ಅಂಕಲ್ ಕಡೆ ಕೈ ತೋರಿಸಿದರು.

ಯಾರೂ ಹಾಡಲಿಲ್ಲ.

ಇಡೀ ಭವನದಲ್ಲಿ ಬರೀ ಪಿಟೀಲು, ತಬಲ. ಜನ ಕಾಯುತ್ತಿದ್ದ ಜಾಗವೇ ಖಾಲಿ ಹೋಯಿತು. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ನನ್ನ ಕೈ ಸ್ಟಾಪ್ ಬಟನ್ ಮೇಲಿತ್ತು. ಒತ್ತಲೇ? ಒತ್ತಿದರೆ ಮುಗಿದೇಹೋಯಿತು. ಒತ್ತದಿದ್ದರೆ?

ಮೈಕ್ ಆನ್ ಇದೆ ಎಂಬುದನ್ನು ಮರೆತು ಆಂಟಿ ಹೇಳಿದರು, "ಯಾಕ್ರೀ ಬಿಟ್ರಿ?"

"ನೀನು ಹಾಡ್ತೀಯ ಅಂತ ಬಿಟ್ಟೆ."

"ನೀವು ಹಾಡ್ಲಿ ಅಂತ ನಾನು ಬಿಟ್ಟೆ!"

"ನಂಗೆ ಹೇಳ್ಬೇಕಲ್ವೇನೇ ಮಾರಾಯ್ತಿ?"

"ನೀವು ಹೇಳಿದ್ರಾ?"

ಭದ್ರಾವತಿ ನಕ್ಕಿತು. ಮುರುಗೇಶಣ್ಣ ಎದ್ದು ನಿಂತು, "ಮನೇಲೂ ಹಿಂಗೇನಾ ಅಕ್ಕಾ?" ಎಂದು ಕೂಗಿದರು. ಆಂಟಿಗೆ ನಗು ತಡೆಯಲಾಗಲಿಲ್ಲ. ಮೈಕ್‌ನಲ್ಲೇ ನಕ್ಕರು. ಅಂಕಲ್‌ಗೂ ನಗು. ಅಷ್ಟರಲ್ಲಿ ಎತ್ತರದ ಜಾಗ ಎರಡನೆಯ ಸಲ ಬಂದೇಬಿಟ್ಟಿತು. ಬಿಡಲು, ಕೊಡಲು, ಯೋಚಿಸಲು ಪುರುಸೊತ್ತಿರಲಿಲ್ಲ. ಇಬ್ಬರೂ ಒಟ್ಟಿಗೇ ಎತ್ತಿದರು.

ಹೋಯಿತು, ಮೇಲಕ್ಕೆ. ಒಂದು ಕಡೆ ದನಿ ಒಡೆಯಿತು ಕೂಡ. ನಾನು ಸ್ಪೀಕರ್ ಪಕ್ಕದಲ್ಲೇ ಕೂತಿದ್ದೆ, ಕಿವಿ ಕೊಟ್ಟು ಕೇಳುತ್ತಿದ್ದೆ. ಒಡೆದದ್ದು ಯಾರ ದನಿ ಎಂದು ನನಗೆ ತಿಳಿಯಲಿಲ್ಲ. ಎರಡೂ ಅಂಟಿಕೊಂಡಿದ್ದವು. ಮುರುಗೇಶಣ್ಣ ಕಣ್ಣು ಮುಚ್ಚಿಕೊಂಡಿದ್ದರು. ಅವರಿಗಂತೂ ಯಾವುದೂ ಒಡೆದಂತೆ ಕಾಣಲಿಲ್ಲ.

ಮುಗಿದ ಮೇಲೆ ವೈರ್ ಸುತ್ತುತ್ತಿದ್ದೆ. ಅಂಕಲ್ ಬಂದು ಕಿವಿಯಲ್ಲಿ, "ಥ್ಯಾಂಕ್ಸ್ ಮಾರಾಯ್ತಿ. ಅವಳಿಗೆ ಗೊತ್ತಾಗಲಿಲ್ಲ" ಎಂದರು. ಐದು ನಿಮಿಷ ಬಿಟ್ಟು ಆಂಟಿ ಬಂದರು. ಅವರೇನು ಹೇಳಿದರೆಂದು ಬರೆಯಬೇಕೇ?

ವಾಪಸ್ ಬರುವಾಗ ಕಾರು ತುಂಬ ಹಾಡು. ಇಬ್ಬರೂ ಹತ್ತು ವರ್ಷ ಚಿಕ್ಕವರಾಗಿದ್ದರು.

"ರೀ, ಮುಂದಿನ ತಿಂಗಳು ಗಾಯತ್ರಿ ಮೇಡಂ ಮನೇಲಿ ಇದನ್ನೇ ಹಾಡೋಣ" ಎಂದರು ಆಂಟಿ. "ಒರಿಜಿನಲ್ ಸ್ಕೇಲಲ್ಲಿ. ನಿಮಗೆ ಖಂಡಿತ ಆಗತ್ತೆ, ಇವತ್ತು ನೋಡಿದೆನಲ್ಲ."

"ನಂಗೇನು ಬಿಡು. ನಿನಗೆ ಆಗತ್ತೆ ಅಂತ ಇವತ್ತು ನಂಗೆ ಗ್ಯಾರಂಟಿ ಆಯ್ತು" ಎಂದರು ಅಂಕಲ್.

ಎಂದವರು ಕನ್ನಡಿಯಲ್ಲಿ ನನ್ನನ್ನು ನೋಡಿ ಕಣ್ಣು ಮಿಟುಕಿಸಿದರು. ಆಂಟಿ ಅತ್ತ ತಿರುಗಿ, ಅಂಕಲ್‌ಗೆ ಕಾಣದ ಹಾಗೆ, ಸೀಟಿನ ಸಂದಿಯಿಂದ ಕೈ ಚಾಚಿ ನನ್ನ ಮಂಡಿ ಹಿಸುಕಿದರು.

ಇಷ್ಟು ಆಗಿದೆ. ನಾನು ಮಾತು ಕೊಟ್ಟಿರುವುದು ಇಬ್ಬರಿಗೂ. ಇಬ್ಬರ ಮಾತನ್ನೂ ಉಳಿಸಿಕೊಂಡಿದ್ದೇನೆ. ಹಾಡು ಉಳಿಯಿತು, ಇಬ್ಬರೂ ಮೈಕ್ ಬಿಡುವುದಿಲ್ಲ. ಲೆಕ್ಕ ಸರಿಹೋಗಿದೆ ಎಂದು ಸುಮ್ಮನಿರಬಹುದಿತ್ತು. ಆದರೆ ಒಬ್ಬರ ಮೇಲೆ ಒಬ್ಬರಿಗಿರುವ ಅಕ್ಕರೆ ಎಲ್ಲಿ ಮುಗಿಯಿತು, ಸ್ವಂತ ಭಯ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲು ಹೋದರೆ ನನ್ನ ಪೆನ್ನು ಅಲ್ಲೇ ನಿಂತುಬಿಡುತ್ತದೆ. ಗೆರೆ ಇದೆಯೋ ಇಲ್ಲವೋ, ಅದೂ ಗೊತ್ತಿಲ್ಲ.

ನೀವಾದರೂ ಹೇಳಿ, ಆ ಎರಡು ಸ್ಕೇಲನ್ನು ನಾನು ಇಳಿಸಿದ್ದು ಯಾರಿಗೆ?